ಬಾವಿಯ ಮೇಲಿನ ಗೋಪುರ

ನಾನು ಮೊದಲ ಸಲ ಒಂದು ಚರ್ಚಿನೊಳಗೆ ಕಾಲಿಟ್ಟದ್ದು ಕೈಯಲ್ಲಿ ಅಳತೆಯ ಟೇಪು ಹಿಡಿದುಕೊಂಡು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಪಾಲಿಟೆಕ್ನಿಕ್ಕಿನಲ್ಲಿ ಸಿವಿಲ್ ಡಿಪ್ಲೊಮಾ ಮುಗಿಸಿ ಒಂದೂವರೆ ವರ್ಷ ಮನೆಯಲ್ಲೇ ಕೂತಿದ್ದೆ. ಹೆಣ್ಣುಮಗಳನ್ನು ಸೈಟಿಗೆ ಹೇಗೆ ಕಳಿಸೋದು ಎಂದು ನಾಲ್ಕಾರು ಆಫೀಸಿನವರು ವಾಪಸು ಕಳಿಸಿದ್ದರು. ಕೊನೆಗೆ ಜಯನಗರ ನಾಲ್ಕನೇ ಬ್ಲಾಕಿನಲ್ಲಿ, ತಮ್ಮ ಮನೆಯ ಮಹಡಿಯಲ್ಲೇ ಆಫೀಸು ಇಟ್ಟುಕೊಂಡಿದ್ದ ಇಂಜಿನಿಯರೊಬ್ಬರು ನಾನು ಬರೆದ ನಕ್ಷೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ಕೈ ಚೆನ್ನಾಗಿದೆ. ನಾಳೆಯಿಂದ ಬಾಮ್ಮ" ಎಂದರು. ಅಷ್ಟೇ. ಆ ಮಾತಿಗಾಗಿ ನಾನು ಅವರಿಗೆ ಎಷ್ಟು ಕೃತಜ್ಞಳಾಗಿದ್ದೆನೆಂದರೆ, ಅವರು ಹೇಳಿದ್ದಕ್ಕೆ ಎದುರು ಹೇಳಬಹುದು ಎಂಬುದೇ ನನಗೆ ಹೊಳೆಯುತ್ತಿರಲಿಲ್ಲ.

ಸೇರಿದ ಆರನೇ ತಿಂಗಳಿಗೆ ಚರ್ಚಿನ ಕೆಲಸ ಬಂತು. ಸಿದ್ದಾಪುರ ದಾಟಿ ಸುದ್ದಗುಂಟೆಪಾಳ್ಯದ ಕಡೆ ಹೋಗುವ ಹಳೆಯ ದಾರಿಯಲ್ಲಿ, ಹುಣಸೆಮರಗಳ ನಡುವೆ ಅದು ಇತ್ತು. ಸುತ್ತ ಹೊಸ ಬಡಾವಣೆಗಳು ಎದ್ದು ಭಾನುವಾರದ ಪೂಜೆಗೆ ಬಂದ ಜನ ಒಳಗೆ ಹಿಡಿಸದೆ, ಅರ್ಧ ಮಂದಿ ಬಿಸಿಲಲ್ಲಿ ನಿಲ್ಲುತ್ತಿದ್ದರು. ಹಾಗಾಗಿ ಒಂದು ಪಕ್ಕದ ಗೋಡೆ ತೆಗೆದು ಹಜಾರವನ್ನು ಅಗಲ ಮಾಡಬೇಕು ಎಂಬುದು ಚರ್ಚಿನ ಕಮಿಟಿಯವರ ಒಂದು ಬೇಡಿಕೆ. ಇನ್ನೊಂದು ಬೇಡಿಕೆ ಗೋಪುರದ್ದು. ಮುಂಭಾಗದ ಎಡಮೂಲೆಯಲ್ಲಿ ಚೌಕಾಕಾರದ ಗಂಟೆ ಗೋಪುರವೊಂದು ಎರಡೇ ಅಂತಸ್ತಿಗೆ ನಿಂತುಹೋಗಿತ್ತು. ಅದರ ಮೇಲೆ ಇನ್ನೂ ಮೂರು ಅಂತಸ್ತು ಎತ್ತಿ ಶಿಲುಬೆ ನಿಲ್ಲಿಸಬೇಕು. "ಲಾಲ್‌ಬಾಗ್ ಬಂಡೆ ಮೇಲೆ ನಿಂತ್ರೆ ನಮ್ ಶಿಲುಬೆ ಕಾಣ್ಬೇಕು ಸಾರ್" ಎಂದು ಕಮಿಟಿಯ ಹಿರಿಯರೊಬ್ಬರು ಆಫೀಸಿನಲ್ಲಿ ಕೂತು ಹೇಳಿದ್ದು ನೆನಪಿದೆ. ಅದರಲ್ಲಿ ಜಂಬವಿರಲಿಲ್ಲ. ತಲೆಮಾರುಗಳಿಂದ ಅರ್ಧಕ್ಕೇ ನಿಂತ ಮನೆಯಲ್ಲಿ ಬಾಳಿದವರ ಆಸೆ ಅದು.

ನಮ್ಮ ಮನೆ ಯಡಿಯೂರಿನಲ್ಲಿತ್ತು. ಬೆಳಿಗ್ಗೆ ವಿಭೂತಿ ಹಚ್ಚದೆ ನೀರನ್ನೂ ಕುಡಿಯದ ಅಪ್ಪ ಚರ್ಚಿನ ಕೆಲಸ ಬೇಡವೆನ್ನಲಿಲ್ಲ. ಅಮ್ಮ ಮಾತ್ರ, "ಅವರ ಗುಡಿ ಒಳಗೆ ಚಪ್ಪಲಿ ಹಾಕ್ಕೊಂಡೇ ಹೋಗ್ತಾರಂತೆ, ನೀನು ಬಿಟ್ಟೇ ಹೋಗು" ಎಂದಳು. ಮೂರು ವಾರ ನಾನು ಬರಿಗಾಲಲ್ಲೇ ಆ ಕಟ್ಟಡವನ್ನು ಅಳೆದೆ.

ಟೇಪಿನ ಇನ್ನೊಂದು ತುದಿ ಹಿಡಿಯಲು ಸಿಕ್ಕವರು ಚರ್ಚಿನ ಉಪದೇಶಿ. ಪಾದ್ರಿಗಳಿಲ್ಲದ ದಿನ ಜಪ ಹೇಳಿಸುವುದು, ಮಕ್ಕಳಿಗೆ ಧರ್ಮಪಾಠ ಮಾಡುವುದು, ಹೊತ್ತುಹೊತ್ತಿಗೆ ಗಂಟೆ ಹೊಡೆಯುವುದು ಅವರ ಕೆಲಸ. ಎಪ್ಪತ್ತರ ಮೇಲೆ ವಯಸ್ಸು, ಬಿಳಿ ಪಂಚೆ, ಮೊಣಕೈವರೆಗೆ ಮಡಿಸಿದ ಅಂಗಿ. ಅವರ ಅಪ್ಪ, ಅಜ್ಜ ಕೂಡ ಇದೇ ಚರ್ಚಿನ ಉಪದೇಶಿಗಳು. ನಾನು ಅವರನ್ನು ತಾತ ಎಂದು ಕರೆದೆ. ಅವರು ನನ್ನನ್ನು ಮಗಳೇ ಎಂದರು.

ಹೊರಗಿನಿಂದ ನೋಡಿದರೆ ಅದು ದೊರೆಗಳ ಕಾಲದ ಎಲ್ಲ ಚರ್ಚುಗಳ ಹಾಗೆಯೇ: ಚೂಪು ಕಮಾನಿನ ಕಿಟಕಿಗಳು, ಕೆಂಪು ನೀಲಿ ಗಾಜು, ಮಂಗಳೂರು ಹೆಂಚಿನ ಕಡಿದಾದ ಮಾಡು. ಅಳೆಯಲು ಕೂತಾಗ ಬೇರೆಯದೇ ಕಟ್ಟಡ ಕಾಣತೊಡಗಿತು. ಹಜಾರದ ಎರಡು ಬದಿಗೂ ಎಂಟೆಂಟು ಕಲ್ಲಿನ ಕಂಬಗಳು, ಎಲ್ಲವೂ ಒಂದೇ ಕಲ್ಲಿನಲ್ಲಿ ಕಡೆದವು, ಆದರೆ ಒಂದರ ಹಾಗೆ ಇನ್ನೊಂದಿಲ್ಲ. ಒಂದರ ತಲೆಯಲ್ಲಿ ಕಮಲದ ಮೊಗ್ಗು, ಇನ್ನೊಂದರಲ್ಲಿ ಸರಪಳಿ ಗಂಟೆ, ಮತ್ತೊಂದರಲ್ಲಿ ಏನೂ ಇಲ್ಲದ ಬರಿಯ ಚೌಕ. ಯಾಕೆ ಹೀಗೆ ಎಂದು ಕೇಳಿದೆ.

"ಕೆತ್ತಿದೋರು ನಿಮ್ ದೇವಸ್ಥಾನದ ಕಲ್ಲುಕುಟಿಗರು ಮಗಳೇ. ಫ್ರೆಂಚ್ ಪಾದ್ರಿ ಕಾಗದದ ಮೇಲೆ ಬರೆದು ತೋರಿಸಿದ್ರಂತೆ, ಹಿಂಗೆ ಎಲೆ ಬರ್ಬೇಕು ಅಂತ. ಇವ್ರು ಆಯ್ತು ಸ್ವಾಮಿ ಅಂದು ತಮ್ಗೆ ಬರೋದನ್ನೇ ಕೆತ್ತಿದ್ರು. ಪಾದ್ರಿ ಬಂದು ನೋಡಿ ನಕ್ಬಿಟ್ರಂತೆ."

ಗೋಡೆಗಳು ಎರಡೂವರೆ ಅಡಿ ದಪ್ಪ. ಒಳಗೆ ಮಣ್ಣಿನಲ್ಲಿ ಕೂರಿಸಿದ ಕಲ್ಲು, ಮೇಲೆ ಸುಣ್ಣದ ಗಾರೆ. ಬಲಿಪೀಠದ ಹಿಂದಿನ ಗೋಡೆಗೆ ನೀಲಿ ಬಳಿದು ಬಂಗಾರದ ಬಣ್ಣದ ನಕ್ಷತ್ರ ಬರೆದಿದ್ದರು. ಬಾಗಿಲ ಮೇಲೆ ಹಾಡುವವರ ಅಟ್ಟ, ಅದಕ್ಕೆ ಹತ್ತಲು ತಿರುಗುವ ಮರದ ಮೆಟ್ಟಿಲು. ಆ ಮೆಟ್ಟಿಲಿನ ಮೇಲೆ ಮಧ್ಯಾಹ್ನ ಊಟ ಬಿಚ್ಚಿಕೊಂಡು ಕೂತಾಗ ತಾತ ಚರ್ಚಿನ ಕಥೆ ಹೇಳುತ್ತಿದ್ದರು.

ಮೊದಲು ಅಲ್ಲಿ ಇದ್ದದ್ದು ಹುಲ್ಲು ಹೊದಿಸಿದ ಒಂದು ಜಪದ ಮನೆ. ಆಮೇಲೆ ಪ್ಲೇಗು ಬಂತು. ಊರಿನ ಜನರೆಲ್ಲ ಮನೆ ಬಿಟ್ಟು ಹೊಲಗಳಲ್ಲಿ ಚಾಪೆಯ ಗುಡಿಸಲು ಹಾಕಿಕೊಂಡರು. ಜಪದ ಮನೆಯ ಪಕ್ಕದಲ್ಲಿ ಒಂದು ಬಾವಿ ಇದ್ದದ್ದರಿಂದ ರೋಗಿಗಳನ್ನು ಅಲ್ಲೇ ಸಾಲಾಗಿ ಮಲಗಿಸಿದರು. ತಾತನ ಅಜ್ಜಿ ಸತ್ತದ್ದೂ ಅಲ್ಲಿಯೇ. ರೋಗ ಇಳಿದ ಮೇಲೆ ಉಳಿದವರು ಹರಕೆ ಹೊತ್ತು, ಮನೆಗೊಬ್ಬರಂತೆ ಕಲ್ಲು ಹೊತ್ತು ಈ ಹಜಾರ ಕಟ್ಟಿದರು. ಗೋಪುರ ಆಗ ಇರಲಿಲ್ಲ. ಅದು ಇಪ್ಪತ್ತು ವರ್ಷ ಆದ ಮೇಲೆ ಬಂದ ಇನ್ನೊಬ್ಬ ಪಾದ್ರಿಯ ಕೆಲಸ.

"ಅವರು ಯಾಕೆ ಎರಡೇ ಅಂತಸ್ತಿಗೆ ನಿಲ್ಲಿಸಿದ್ರು ತಾತ?"

"ಎಲ್ರೂ ಹೇಳೋದು ಪಾದ್ರಿಗೆ ವರ್ಗ ಆಯ್ತು ಅಂತ. ನಮ್ಮಪ್ಪ ಹಾಗೆ ಹೇಳ್ತಿರ್ಲಿಲ್ಲ." ತಾತ ಕೈ ತೊಳೆದುಕೊಂಡು ನನ್ನನ್ನು ಗೋಪುರದ ಕೆಳಗಿನ ಬಾಗಿಲಿಗೆ ಕರೆದುಕೊಂಡು ಹೋದರು. ಬಾಗಿಲ ಚೌಕಟ್ಟು ಒಂದು ಕಡೆ ಬೆರಳಿನಷ್ಟು ಕುಸಿದಿತ್ತು. "ಎರಡನೇ ಅಂತಸ್ತು ಮುಗಿಯೋ ಹೊತ್ಗೆ ಈ ಬಾಗಿಲು ಹಾಕೋಕೇ ಬರ್ಲಿಲ್ವಂತೆ. ಕೆಳಗೆ ಆ ಬಾವಿ ಇದೆ ಮಗಳೇ. ಪ್ಲೇಗು ಮುಗಿದ ಮೇಲೆ ರೋಗಿಗಳ ಚಾಪೆ, ಕಂಬಳಿ, ಬಟ್ಟೆ, ಮಡಕೆ ಎಲ್ಲಾ ಅದಕ್ಕೆ ಹಾಕಿ ಮುಚ್ಚಿದ್ರು. ಇಪ್ಪತ್ತು ವರ್ಷ ಆದ್ಮೇಲೆ ಅದನ್ನ ನೆನಪಿಟ್ಟೋರು ಯಾರು? ಗೋಪುರ ಕೂತ್ಕೊಳ್ತಿದೆ ಅಂತ ಗೊತ್ತಾದ ದಿನ ಪಾದ್ರಿ ಕೆಲಸ ನಿಲ್ಲಿಸಿ, ಗಂಟೆನ ಅಲ್ಲಿಗೇ ಕಟ್ಟಿಸಿದ್ರು."

ನಾನು ಮೇಲಿನಿಂದ ದಾರಕ್ಕೆ ಕಟ್ಟಿದ ತೂಕದ ಗುಂಡು ಬಿಟ್ಟು ನೋಡಿದೆ. ಗೋಪುರ ಹೊರಮೂಲೆಗೆ ಎರಡೂವರೆ ಅಂಗುಲ ವಾಲಿತ್ತು. ಇನ್ನೊಂದನ್ನೂ ನೋಡಿದೆ: ಗೋಪುರದ ಕಲ್ಲುಗಳು ಚರ್ಚಿನ ಗೋಡೆಯ ಕಲ್ಲುಗಳ ಜೊತೆ ಎಲ್ಲಿಯೂ ಹೆಣೆದುಕೊಂಡಿರಲಿಲ್ಲ. ಹಳೆಯ ಗೋಡೆಗೆ ಒರಗಿ ಸುಮ್ಮನೆ ನಿಂತಿತ್ತು. ಎರಡರ ನಡುವಿನ ಸಂದಿಯಲ್ಲಿ ನನ್ನ ಸ್ಕೇಲು ಅರ್ಧ ಅಡಿ ಒಳಗೆ ಹೋಯಿತು.

ಆಫೀಸಿಗೆ ಬಂದು ಟ್ರೇಸಿಂಗ್ ಪೇಪರಿನ ಮೇಲೆ ಮಸಿಯಲ್ಲಿ ನಕ್ಷೆ ಬರೆದೆ. ಹನ್ನೊಂದು ದಿನ ಹಿಡಿಯಿತು. ಕಂಬಗಳ ಕಮಲ, ಸರಪಳಿಗಳನ್ನೂ ಬಿಡದೆ ಬರೆದೆ. ಗೋಪುರದ ಮೂಲೆಯಲ್ಲಿ ಚುಕ್ಕಿಗೆರೆಯಲ್ಲಿ ಒಂದು ವೃತ್ತ ಹಾಕಿ, ಇಲ್ಲಿ ಮುಚ್ಚಿದ ಹಳೆಯ ಬಾವಿ ಇದೆಯೆಂದು ಉಪದೇಶಿಗಳು ಹೇಳುತ್ತಾರೆ, ಅಗೆದು ನೋಡಬೇಕು ಎಂದು ಪಕ್ಕದಲ್ಲಿ ಬರೆದೆ. ವಾಲಿಕೆಯ ಅಳತೆಯನ್ನೂ ನಮೂದಿಸಿದೆ.

ಇಂಜಿನಿಯರು ನಕ್ಷೆಯನ್ನು ಬಹಳ ಹೊತ್ತು ನೋಡಿದರು. "ಸೊಗಸಾಗಿ ಬರ್ದಿದೀಯಮ್ಮ" ಎಂದರು. ಆಮೇಲೆ ಆ ವೃತ್ತದ ಮೇಲೆ ಬೆರಳಿಟ್ಟು, "ಇದು ತೆಗಿ" ಎಂದರು.

"ತಾತ ಹೇಳಿದ್ರು ಸಾರ್. ಗುಂಡು ಬಿಟ್ಟು ನಾನೂ ನೋಡ್ದೆ, ವಾಲಿದೆ."

"ಅಷ್ಟು ವರ್ಷದಿಂದ ನಿಂತಿದೆಯಲ್ಲ. ಹಳೇ ಕಟ್ಟಡ ಅಂದ್ಮೇಲೆ ವಾಲಿರುತ್ತೆ. ಹುಣಸೆಮರದ ಕೆಳಗೆ ಕೂತು ಹೇಳೋ ಕಥೆನೆಲ್ಲ ನಕ್ಷೇಲಿ ಬರೆದ್ರೆ ಕಾರ್ಪೊರೇಷನ್‌ನವರು ಪಾಸ್ ಮಾಡಲ್ಲ. ಕಮಿಟಿಯೋರು ಬೇರೆ ಇಂಜಿನಿಯರ್ ಹತ್ರ ಹೋಗ್ತಾರೆ. ನಾನೇ ಒಂದ್ಸಲ ಹೋಗಿ ನೋಡ್ತೀನಿ ಬಿಡು."

ಅವರು ಹೋಗಿ ನೋಡಿದ್ದೂ ನಿಜ. ಗೋಪುರದ ಸುತ್ತ ಒಂದು ಸುತ್ತು ಹಾಕಿ, ಮೂಲೆಯಲ್ಲಿ ನೆಲವನ್ನು ಬೂಟಿನಿಂದ ಎರಡು ಸಲ ಒದ್ದು, ಗಟ್ಟಿಯಾಗಿದೆ ಎಂದರು. ಅಗೆಸಲಿಲ್ಲ.

ಟ್ರೇಸಿಂಗ್ ಪೇಪರಿನ ಮೇಲಿನ ಮಸಿ ರಬ್ಬರಿಗೆ ಹೋಗುವುದಿಲ್ಲ. ಬ್ಲೇಡಿನಿಂದ ಹೆರೆದು ತೆಗೆಯಬೇಕು. ಬ್ಲೇಡನ್ನು ಚಪ್ಪಟೆಯಾಗಿ ಹಿಡಿದು, ಕಾಗದ ಹರಿಯದಂತೆ, ವೃತ್ತವನ್ನೂ ವಾಲಿಕೆಯ ಅಳತೆಯನ್ನೂ ಸೇರಿಸಿ ಒಂದೊಂದೇ ಅಕ್ಷರ ಹೆರೆದೆ. ಅದರಲ್ಲಿ ನನ್ನ ಕೈ ಪಳಗಿತ್ತು. ಪ್ರಿಂಟ್ ಹಾಕಿಸಿದಾಗ ಅಲ್ಲಿ ಏನಾದರೂ ಇತ್ತೆಂದು ಯಾರಿಗೂ ತಿಳಿಯುವಂತಿರಲಿಲ್ಲ.

ಕೆಲಸ ಶುರುವಾದದ್ದು ಬೇಸಿಗೆಯಲ್ಲಿ, ಮೊದಲು ಗೋಪುರದಿಂದ. ಗಂಟೆಯನ್ನು ಹಗ್ಗ ಕಟ್ಟಿ ಇಳಿಸಿ ಅಂಗಳದಲ್ಲಿ ಹಲಗೆಯ ಮೇಲಿಟ್ಟರು. ಗೋಪುರದ ಸುತ್ತ, ನಿಂತು ಕಟ್ಟಲು, ಸರ್ವೆ ಮರದ ಸಾರವೆ ಎದ್ದಿತು. ಮೂರನೇ ಅಂತಸ್ತಿಗೆ ಒಂದೇ ಅಳತೆಗೆ ಒಡೆದ ಸೈಜುಗಲ್ಲು, ಸಿಮೆಂಟು. ಹಳೆಯ ಸುಣ್ಣದ ಗಾರೆಯ ಮೇಲೆ ಹೊಸ ಭಾರ ಏರತೊಡಗಿತು.

ವಾರಕ್ಕೆ ಎರಡು ಸಲ ನಾನು ಅಲ್ಲಿಗೆ ಹೋಗುತ್ತಿದ್ದೆ. ಅಲ್ಲಿ ಒಬ್ಬ ಚಿತ್ತಾಳಿನ ಪರಿಚಯವಾಯಿತು. ಕಲ್ಲು, ಗಾರೆ ಹೊರುವ ಹೆಣ್ಣಾಳುಗಳನ್ನು ಹಾಗೆ ಕರೆಯುತ್ತಿದ್ದರು. ಕೋಲಾರದ ಕಡೆಯವಳು, ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಗಂಡ ಬಿಟ್ಟುಹೋಗಿದ್ದ. ಅಕ್ಕನ ಜೊತೆ ಸುದ್ದಗುಂಟೆಪಾಳ್ಯದ ಗುಡಿಸಲಲ್ಲಿ ಇದ್ದಳು. ಅಕ್ಕನೂ ಇದೇ ಕೆಲಸದವಳು, ಆಗ ಜೆ.ಪಿ. ನಗರದ ಕಡೆ ಯಾವುದೋ ಮನೆ ಕೆಲಸದಲ್ಲಿದ್ದಳು. ಹೆಣ್ಣೊಬ್ಬಳು ಟೇಪು ಹಿಡಿದು ಗಂಡಸರಿಗೆ ಅಳತೆ ಹೇಳುವುದನ್ನು ನೋಡುವುದು ಇವಳಿಗೆ ತಮಾಷೆ.

"ಮೇಡಂ, ನೀವು ಬರೆದ ಹಂಗೇ ಕಟ್ತಾರಾ ಇವ್ರು?"

"ಹಾಗೇ ಕಟ್ಬೇಕು."

"ತಪ್ಪು ಬರೆದ್ರೆ?"

"ತಪ್ಪಾಗೇ ಕಟ್ತಾರೆ" ಎಂದೆ. ಅವಳು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ನಾನೂ ನಕ್ಕೆ.

ನಾಲ್ಕನೇ ಅಂತಸ್ತು ಸೊಂಟದೆತ್ತರ ಬಂದಾಗ, ಗೋಪುರ ಮತ್ತು ಗೋಡೆಯ ನಡುವಿನ ಸಂದಿಗೆ ಹೊಸದಾಗಿ ತುಂಬಿದ್ದ ಗಾರೆಯಲ್ಲಿ ಬಿರುಕು ಕಂಡಿತು. ಕೆಲಸ ಮಾಡಿಸುತ್ತಿದ್ದ ಮೇಸ್ತ್ರಿ ಅನುಭವಸ್ಥರು. ಕಿಟಕಿಯ ಗಾಜಿನ ಒಂದು ಪಟ್ಟಿ ಕತ್ತರಿಸಿ ಬಿರುಕಿನ ಅಡ್ಡಕ್ಕೆ ಸಿಮೆಂಟಿನಿಂದ ಅಂಟಿಸಿದರು. ಗೋಡೆ ಕದಲದಿದ್ದರೆ ಗಾಜು ಹಾಗೇ ಇರುತ್ತದೆ, ಕದಲಿದರೆ ಒಡೆಯುತ್ತದೆ. ಹತ್ತು ದಿನಕ್ಕೆ ಒಡೆಯಿತು. ಮೇಸ್ತ್ರಿ ಇಂಜಿನಿಯರಿಗೆ ಹೇಳಿಕಳಿಸಿದರು. ಇವರು ಬಂದು, ಹೊಸ ಗಾರೆ ಒಣಗುವಾಗ ಎಳೆಯುತ್ತದೆ, ಇನ್ನೊಂದು ಗಾಜು ಹಾಕಿ ಎಂದರು. ಅದು ನಾಲ್ಕು ದಿನಕ್ಕೆ ಒಡೆಯಿತು. ಆ ಒಡೆದ ಗಾಜನ್ನು ನಾನೂ ನೋಡಿದೆ. ಮೇಸ್ತ್ರಿ ನನ್ನ ಮುಖ ನೋಡಿದರು. "ನೀವಾದ್ರೂ ಸಾಹೇಬ್ರಿಗೆ ಒಂದ್ಮಾತು ಹೇಳಿ ಮೇಡಂ" ಎಂದರು.

ಹೇಳಿದೆ. ಆದರೆ ಹೇಗೆ ಹೇಳಿದೆ ಎಂಬುದು ಮುಖ್ಯ. "ಮೇಸ್ತ್ರಿ ಸ್ವಲ್ಪ ಹೆದರಿಕೊಂಡಿದಾರೆ ಸಾರ್" ಎಂದೆ, ಹೆದರಿಕೆ ಅವರೊಬ್ಬರದ್ದೇ ಎನ್ನುವ ಹಾಗೆ. ಬಾವಿಯ ಮಾತು ಎತ್ತಲಿಲ್ಲ. ಮಳೆಗಾಲ ಮುಗಿಯುವುದರೊಳಗೆ ಮುಗಿಸಿಬಿಡೋಣ ಎಂದು ಅವರು ಹೇಳಿದಾಗ ತಲೆಯಾಡಿಸಿದೆ.

ಆ ಹಿಂಗಾರಿನಲ್ಲಿ ಮೂರು ದಿನ ಬಿಡದೆ ಮಳೆ ಹೊಯ್ದಿತು. ನಾಲ್ಕನೇ ದಿನ ಒಳ್ಳೆಯ ಬಿಸಿಲು. ಕಿಟಕಿಯ ಕಮಾನಿನ ಹೊಸ ನಕ್ಷೆ ಕೊಡಲು ನಾನು ಹೋದಾಗ ಮಧ್ಯಾಹ್ನದ ಊಟದ ಹೊತ್ತು. ಆಳುಗಳು ಗೋಪುರದ ಬಾಗಿಲ ನೆರಳಲ್ಲಿ ಕೂತು ಉಂಡು, ಕೈ ತೊಳೆಯಲು ಅಂಗಳದ ಆಚೆಯ ಕೊಳಾಯಿಗೆ ಹೋಗಿದ್ದರು. ಮೇಸ್ತ್ರಿ ಸಾರವೆಯ ಮೇಲಿದ್ದರು. ಚಿತ್ತಾಳು ಮಾತ್ರ ಕೂತೇ ಇದ್ದಳು. ಅವಳು ಯಾವಾಗಲೂ ನಿಧಾನ, ಮುದ್ದೆಯ ಕೊನೆಯ ತುತ್ತಿನವರೆಗೂ ಕೂತು ಉಣ್ಣುವವಳು. ನನ್ನನ್ನು ಕಂಡು ಎಡಗೈ ಎತ್ತಿದಳು.

ಶಬ್ದ ನಾನು ಎಣಿಸಿದಂತೆ ಇರಲಿಲ್ಲ. ಲಾರಿಯಿಂದ ಮರಳು ಸುರಿದ ಹಾಗೆ, ಉದ್ದಕ್ಕೆ, ನಿಧಾನವಾಗಿ. ಗೋಪುರ ಬೀಳಲಿಲ್ಲ, ಕೂತುಕೊಂಡಿತು. ಮೊದಲು ಕೆಳಗಿನ ಮೂಲೆ ನೆಲದೊಳಗೆ ಇಳಿಯಿತು, ಆಮೇಲೆ ಮೇಲಿನದೆಲ್ಲ ಅದರ ಮೇಲೆ ಬಂತು. ಸುಣ್ಣದ ಧೂಳಿನಲ್ಲಿ ನನಗೆ ನನ್ನ ಕೈಯೇ ಕಾಣಲಿಲ್ಲ. ಯಾರೋ ಕೂಗುತ್ತಿದ್ದರು, ಬಹುಶಃ ನಾನೇ.

ಮೇಸ್ತ್ರಿಯನ್ನು ಸಾರವೆಯ ಮರಗಳ ಅಡಿಯಿಂದ ಎಳೆದರು. ಒಂದು ಕಾಲು ಉಳಿಯಲಿಲ್ಲ. ಅವಳನ್ನು ಹೊರತೆಗೆಯಲು ಸಂಜೆಯಾಯಿತು. ತಾತ ಬರಿಗೈಯಲ್ಲಿ ಕಲ್ಲು ಎತ್ತುತ್ತಿದ್ದರು. ಬೇಡ ಎಂದರೂ ಕೇಳಲಿಲ್ಲ. ಅವರ ಉಗುರುಗಳಲ್ಲಿ ರಕ್ತವಿತ್ತು. ಜೆ.ಪಿ. ನಗರದಿಂದ ಓಡಿಬಂದ ಅಕ್ಕ ಹುಣಸೆಮರದ ಬುಡದಲ್ಲಿ ಕೂತಿದ್ದಳು. ಅವಳು ಅಳಲಿಲ್ಲ. ಎತ್ತಿದ ಪ್ರತಿ ಕಲ್ಲನ್ನೂ ಎಲ್ಲಿ ಇಡುತ್ತಾರೆಂದು ನೋಡುತ್ತಿದ್ದಳು.

ವಿಚಾರಣೆ ನಡೆದದ್ದು ಎರಡು ವಾರದ ಮೇಲೆ, ಮಕ್ಕಳ ಧರ್ಮಪಾಠದ ಕೊಠಡಿಯಲ್ಲಿ. ಒಬ್ಬ ಸರ್ಕಾರಿ ಅಧಿಕಾರಿ ಮೇಜಿನ ಹಿಂದೆ ಕೂತಿದ್ದರು. ಬೆಂಚುಗಳ ಮೇಲೆ ಪಾದ್ರಿಗಳು, ಕಮಿಟಿಯವರು, ನಮ್ಮ ಇಂಜಿನಿಯರು, ನಾನು. ಮೇಸ್ತ್ರಿ ಇನ್ನೂ ಆಸ್ಪತ್ರೆಯಲ್ಲಿದ್ದರು. ನನ್ನ ನಕ್ಷೆಯನ್ನು ಮೇಜಿನ ಮೇಲೆ ಹಾಸಿ, ಅಲುಗದಂತೆ ನಾಲ್ಕು ಮೂಲೆಗೂ ಜಪದ ಪುಸ್ತಕ ಇಟ್ಟಿದ್ದರು.

ತಾತನನ್ನು ಕರೆದು ಕೇಳಿದಾಗ ಅವರು ನಿಂತುಕೊಂಡೇ ಎಲ್ಲ ಹೇಳಿದರು. ಪ್ಲೇಗು, ಬಾವಿ, ಹಾಕಲು ಬಾರದ ಬಾಗಿಲು. "ಈ ಮಗೂಗೆ ಎಲ್ಲಾ ಹೇಳಿದ್ದೆ ಸ್ವಾಮಿ. ಗುಂಡು ಬಿಟ್ಟು ನೋಡಿ ಪುಸ್ತಕದಲ್ಲಿ ಬರ್ಕೊಂಡ್ಳು. ಕೇಳಿ ಅವಳ್ನೇ."

ಅಧಿಕಾರಿ ನಕ್ಷೆಯ ಮೇಲೆ ಬಗ್ಗಿ ನೋಡಿದರು. "ಇದ್ರಲ್ಲಿ ಏನೂ ಇಲ್ವಲ್ಲ" ಎಂದರು. ಇಂಜಿನಿಯರು ಮೆಲ್ಲಗೆ, "ವಯಸ್ಸಾದೋರು ಸಾರ್. ಕಣ್ಮುಂದೆ ಹೆಣ ತೆಗೆದದ್ದು ನೋಡಿದಾರೆ. ಮನಸ್ಸಿಗೆ ಹಚ್ಕೊಂಡಿದಾರೆ" ಎಂದರು.

"ಏನಮ್ಮ, ಇವರು ನಿಮಗೆ ಬಾವಿ ವಿಷಯ ಹೇಳಿದ್ರಾ?"

ಆ ಕೊಠಡಿಯಲ್ಲಿ ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಇಂಜಿನಿಯರ ಕಡೆ ನೋಡಲಿಲ್ಲ, ತಾತನ ಕಡೆಯೂ ನೋಡಲಿಲ್ಲ. ನಕ್ಷೆಯ ಆ ಮೂಲೆಯನ್ನು ನೋಡಿದೆ. ಏನೂ ಕಾಣುತ್ತಿರಲಿಲ್ಲ.

"ಚರ್ಚಿನ ಹಳೇ ಕಥೆಗಳು ಏನೇನೋ ಹೇಳ್ತಿದ್ರು ಸಾರ್. ಬಾವಿ ವಿಷಯ ನೆನಪಿಲ್ಲ."

ಅಧಿಕಾರಿ ಬರೆದುಕೊಂಡರು. ತಾತ ನನ್ನನ್ನು ಬಯ್ಯಲಿಲ್ಲ, ಸುಳ್ಳು ಎನ್ನಲಿಲ್ಲ. "ಹಂಗಾದ್ರೆ ನಾನೇ ಹೇಳಿಲ್ವೇನೋ" ಎಂದು ಬೆಂಚಿಗೆ ಹೋಗಿ ಕೂತರು. ಆ ಮಾತು ವ್ಯಂಗ್ಯವೆಂದು ಮೊದಲು ಅಂದುಕೊಂಡೆ. ಅಲ್ಲ. ಅವರಿಗೆ ನಿಜವಾಗಿಯೂ ತಮ್ಮ ನೆನಪಿನ ಮೇಲೆ ಅನುಮಾನ ಬಂದಿತ್ತು. ಅವರ ಮುಖದಲ್ಲಿ ಅದು ಕಾಣುತ್ತಿತ್ತು. ಮಳೆ ಜಾಸ್ತಿ, ಗಾರೆ ಹಳೆಯದು ಎಂದು ವರದಿ ಬಂತು. ಕಡತ ಮುಚ್ಚಿತು.

ಬಿದ್ದ ಕಲ್ಲುಮಣ್ಣನ್ನು ಪೂರ್ತಿ ತೆಗೆದದ್ದು ಅದಾದ ತಿಂಗಳ ನಂತರ. ಆ ದಿನ ಇಂಜಿನಿಯರು ನನ್ನನ್ನೇ ಕಳಿಸಿದರು. ಅಡಿಪಾಯದ ಕಲ್ಲುಗಳ ಕೆಳಗೆ ಮಣ್ಣು ಕಪ್ಪಗಿತ್ತು. ಗುದ್ದಲಿ ಹಾಕಿದ ಕಡೆ ಮಡಕೆಯ ಚೂರು, ಕೈಯಲ್ಲಿ ಹಿಡಿದರೆ ಪುಡಿಯಾಗುವ ಚಾಪೆಯ ತುಂಡು. ಇನ್ನೂ ಕೆಳಗೆ, ಸುತ್ತ ಜೋಡಿಸಿದ ಕಲ್ಲಿನ ವೃತ್ತ. ನಾನು ಚುಕ್ಕಿಗೆರೆಯಲ್ಲಿ ಬರೆದದ್ದಕ್ಕಿಂತ ಸ್ವಲ್ಪ ದೊಡ್ಡದು. ಆಳುಗಳು ಗುದ್ದಲಿ ಕೆಳಗಿಟ್ಟರು. ನಾನು ಟೇಪು ಬಿಚ್ಚಿ ಅದರ ಅಗಲ ಅಳೆದೆ.

ಮರುದಿನ ತಾತನ ಮನೆಗೆ ಹೋದೆ. ಚರ್ಚಿನ ಹಿಂದೆ ಒಂದೇ ಕೋಣೆಯ ಮನೆ. ಅವರು ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಕೈಗಳಿಗೆ ಇನ್ನೂ ಬಟ್ಟೆ ಸುತ್ತಿತ್ತು.

"ಬಾವಿ ಸಿಕ್ತು ತಾತ" ಎಂದೆ.

"ಗೊತ್ತಾಯ್ತು. ಆಳುಗಳು ಬಂದು ಹೇಳಿದ್ರು."

"ನೀವು ಹೇಳಿದ್ದು ನನಗೆ ನೆನಪಿತ್ತು. ಬರೆದೂ ಇದ್ದೆ. ಸಾರ್ ತೆಗಿ ಅಂದ್ರು, ತೆಗೆದೆ. ಆವತ್ತು ಎಲ್ರ ಮುಂದೆ ಸುಳ್ಳು ಹೇಳ್ದೆ."

ನಾನು ಅಳುತ್ತಿದ್ದೆ. ಸಮಾಧಾನ ಮಾಡುತ್ತಾರೆಂದು ಮನಸ್ಸಿನ ಯಾವುದೋ ಮೂಲೆಯಲ್ಲಿ ಕಾಯುತ್ತಿದ್ದೆ, ಅದನ್ನೂ ಇಲ್ಲಿ ಹೇಳಿಬಿಡಬೇಕು.

"ಒಂದು ತಿಂಗಳಿಂದ ನನಗೆ ತಲೆ ಕೆಟ್ಟಿದೆ ಅಂದ್ಕೊಂಡಿದ್ದೆ ಮಗಳೇ" ಎಂದರು ಕೊನೆಗೆ. "ನಮ್ಮಪ್ಪ ಹೇಳಿದ್ದು, ನಮ್ಮಜ್ಜಿ ಸತ್ತಿದ್ದು, ಎಲ್ಲಾ ನಾನೇ ಕಟ್ಟಿದ ಕಥೆಯೇನೋ ಅಂತ. ಜಪ ಹೇಳೋವಾಗ್ಲೂ ಸಾಲು ಸರಿಯಿದ್ಯಾ ಅಂತ ಅನುಮಾನ." ಬಟ್ಟೆ ಸುತ್ತಿದ ಕೈಯನ್ನು ಬಾಗಿಲ ಕಡೆ ತೋರಿಸಿ, "ನನ್ ಹತ್ರ ಬಂದು ಹೇಳಿದ್ರೆ ಏನಾಯ್ತು? ಸತ್ತೋಳು ನನ್ ಮಗಳಲ್ಲ. ಅವಳ ಅಕ್ಕ ಇದಾಳಲ್ಲ, ಅವಳಿಗೆ ಹೋಗಿ ಹೇಳು. ಆಮೇಲೆ ವಿಚಾರಣೆ ಮಾಡಿದ ಆ ಸಾಹೇಬ್ರಿಗೂ ಬರೆದು ಕೊಡು" ಎಂದರು.

ಅಕ್ಕನ ಗುಡಿಸಲು ಹುಡುಕಲು ಕಷ್ಟವಾಗಲಿಲ್ಲ. ಭಾನುವಾರ ಬೆಳಿಗ್ಗೆ. ಅವಳು ಹೊರಗೆ ಬಟ್ಟೆ ಒಗೆಯುತ್ತಿದ್ದಳು. ನಾನು ಯಾರೆಂದು ಹೇಳಿದೆ. "ಗೊತ್ತು, ಟೇಪಿನ ಮೇಡಂ ಅಂತ ಹೇಳ್ತಿದ್ಳು" ಎಂದಳು. ನಿಂತೇ ಎಲ್ಲ ಹೇಳಿದೆ. ಎಷ್ಟು ತಿಳಿಯಿತೋ ಎಂದು ಮತ್ತೊಮ್ಮೆ ಹೇಳಲು ಹೋದೆ. ಅವಳು ಒದ್ದೆ ಕೈ ಎತ್ತಿ ತಡೆದಳು.

"ತಿಳೀತು. ಕೆಳಗೆ ಬಾವಿ ಇತ್ತು. ನಿಂಗೆ ಗೊತ್ತಿತ್ತು."

"ಹೌದು."

"ಗೊತ್ತಿದ್ದೂ ಅವಳ್ನ ಅಲ್ಲಿ ಕೂತ್ಕೊಂಡು ಉಣ್ಣೋಕೆ ಬಿಟ್ಟೆ."

ನಕ್ಷೆ, ಇಂಜಿನಿಯರು, ಕಾರ್ಪೊರೇಷನ್ನು, ಇವೆಲ್ಲ ಸೇರಿ ಆದದ್ದು ಎಂದು ನಾನು ಅಂದುಕೊಂಡಿದ್ದುದನ್ನು ಅವಳು ಒಂದೇ ಮಾತಿಗೆ ಇಳಿಸಿದ್ದಳು. ಆ ದಿನ ನಾನು ಎದುರಿಗೇ ನಿಂತಿದ್ದೆ. ಒಡೆದ ಗಾಜು ನೋಡಿದ್ದೆ. ಅವಳು ಕೈ ಎತ್ತಿದಾಗ, ಅಲ್ಲಿಂದ ಎದ್ದು ಬಾ ಎಂದು ಕರೆಯಬಹುದಿತ್ತು.

ಅಕ್ಕ ಬಟ್ಟೆಯ ಕಡೆ ತಿರುಗಿದಳು. "ಹೋಗು. ಇನ್ಮೇಲೆ ಇಲ್ಲಿಗೆ ಬರ್ಬೇಡ" ಎಂದಳು. ಕೂಗಲಿಲ್ಲ.

ಆ ವಾರವೇ ಅಧಿಕಾರಿಗೆ ಪತ್ರ ಬರೆದು, ಅದರ ಪ್ರತಿಯೊಂದನ್ನು ಪಾದ್ರಿಗಳಿಗೂ ಕೊಟ್ಟೆ. ಅಧಿಕಾರಿಯಿಂದ ಉತ್ತರ ಬರಲಿಲ್ಲ. ಎರಡು ಸಲ ಆ ಕಚೇರಿಗೆ ಹೋದೆ. ಕಡತ ಮೇಲಕ್ಕೆ ಹೋಗಿದೆ ಎಂದರು. ಪಾದ್ರಿಗಳು ಪತ್ರ ಓದಿ, ಕನ್ನಡಕ ತೆಗೆದು, "ನೀವು ಬರೆದದ್ದು ಒಳ್ಳೇದಾಯ್ತು. ನಾವೂ ಆ ಮುದುಕರನ್ನ ನಂಬ್ಲಿಲ್ಲ" ಎಂದರು. ಭಾನುವಾರದ ಪೂಜೆಯಲ್ಲಿ ಅವರು ಉಪದೇಶಿಗಳು ಹೇಳಿದ್ದು ನಿಜವಾಗಿತ್ತು ಎಂದು ಎಲ್ಲರೆದುರು ಹೇಳಿದರಂತೆ. ನನ್ನ ಪತ್ರದಿಂದ ಆದ ಉಪಯೋಗ ಅದೊಂದೇ.

ಇಂಜಿನಿಯರಿಗೆ ನಾನೇ ಹೇಳಿದೆ. ಅವರು ಕಿರುಚಲಿಲ್ಲ. ಡ್ರಾಯಿಂಗ್ ಬೋರ್ಡಿನ ಮುಂದಿನ ನನ್ನ ಸ್ಟೂಲಿನ ಮೇಲೆ ಕೂತು, "ನಿನಗೆ ಕೆಲಸ ಕೊಡಬೇಡ ಅಂತ ಎಲ್ರೂ ಹೇಳಿದ್ರಮ್ಮ" ಎಂದರು. ಅವರ ಕಣ್ಣುಗಳು ಕೆಂಪಗಿದ್ದವು. ಆಗ ನನಗೆ ತಿಳಿಯಿತು, ಆ ದಿನದಿಂದ ಅವರೂ ಮಲಗಿಲ್ಲ ಎಂದು. ಆದರೂ ಅವರು ತಮ್ಮ ತಪ್ಪೆಂದು ಯಾರ ಮುಂದೆಯೂ ಹೇಳಲಿಲ್ಲ. ನನ್ನ ಸ್ಕೇಲು, ಪೆನ್ನುಗಳನ್ನು ಚೀಲಕ್ಕೆ ಹಾಕಿಕೊಂಡು ಇಳಿದು ಬಂದೆ. ಮನೆಯಲ್ಲಿ ಅಪ್ಪನಿಗೆ ಎಲ್ಲ ಹೇಳಿದೆ. ಅವರು ಕೇಳಿ, "ಮೊದಲೇ ಹೇಳ್ಬೇಕಿತ್ತು" ಎಂದಷ್ಟೇ ಹೇಳಿ ಎದ್ದುಹೋದರು. ಅವರು ಆಮೇಲೆ ಬಹಳ ದಿನ ನನ್ನ ಮುಖ ನೋಡಿ ಮಾತಾಡಲಿಲ್ಲ. ಎಂಟು ತಿಂಗಳ ನಂತರ ಬನಶಂಕರಿಯಲ್ಲಿ ಸಣ್ಣಸಣ್ಣ ಮನೆಗಳ ನಕ್ಷೆ ಮಾಡುವವರ ಬಳಿ ಕೆಲಸ ಸಿಕ್ಕಿತು. ಅಡಿಪಾಯ ತೋಡಿದ ದಿನ ನಾನೇ ಗುಂಡಿಗೆ ಇಳಿದು ನೋಡದೆ ಯಾವ ಕೆಲಸಕ್ಕೂ ಸಹಿ ಹಾಕುವುದಿಲ್ಲ ಎಂದು ಅವರಿಗೆ ಮೊದಲ ದಿನವೇ ಹೇಳಿದೆ. ಇದು ಯಾವ ಸಾಧನೆಯೂ ಅಲ್ಲ. ಸೈಟಿನವರು ನನಗೆ ಗುಂಡಿ ಮೇಡಂ ಎಂದು ಹೆಸರಿಟ್ಟರು.

ತಾತ ಮುಂದಿನ ವರ್ಷ ತೀರಿಕೊಂಡರು. ನಾನು ಹೋಗಿದ್ದೆ. ಶವಪೆಟ್ಟಿಗೆಯ ಹಿಂದೆ ನಡೆದವರಲ್ಲಿ ಒಂದು ಕಾಲಿನ ಮೇಸ್ತ್ರಿಯೂ ಇದ್ದರು, ಊರುಗೋಲಿನ ಮೇಲೆ. ನಾವು ಒಬ್ಬರನ್ನೊಬ್ಬರು ನೋಡಿದೆವು.

ಹಳೆಯ ಚರ್ಚನ್ನು ಪೂರ್ತಿ ಕೆಡವಿದ್ದು ಎಂಬತ್ತರ ದಶಕದ ನಡುವೆ. ಗೋಪುರ ಹೋದ ಮೇಲೆ ಆ ಬದಿಯ ಗೋಡೆಯೂ ಬಿಚ್ಚಿಕೊಳ್ಳುತ್ತಿತ್ತು. ಬೇರೆ ದಾರಿ ಇರಲಿಲ್ಲ. ಹದಿನಾರು ಕಂಬಗಳಲ್ಲಿ ಕೆಲವನ್ನು ಸ್ಮಶಾನದ ಬೇಲಿಗೆ ನೆಟ್ಟರು, ಉಳಿದವು ಎಲ್ಲಿ ಹೋದವೋ ತಿಳಿಯದು. ಹೊಸದು ಬೀಸಣಿಗೆಯ ಹಾಗೆ ಹರಡಿದ ಕಾಂಕ್ರೀಟಿನ ದೊಡ್ಡ ಕಟ್ಟಡ, ಒಳಗೆ ಒಂದೂ ಕಂಬವಿಲ್ಲ, ಸಾವಿರ ಜನ ಕೂರಬಹುದು. ಈಗ ದಾರಿ ಹೇಳುವವರೆಲ್ಲ ಅದನ್ನೇ ಗುರುತಾಗಿ ಹೇಳುತ್ತಾರೆ. ಕೋನಗಳು ಚೆನ್ನಾಗಿವೆ, ಬೆಳಕು ಮೇಲಿನಿಂದ ಬರುವಂತೆ ಮಾಡಿದ್ದಾರೆ. ಮಾಡಿದವರಿಗೆ ಕೆಲಸ ಗೊತ್ತಿತ್ತು.

ಅದರ ಚಾವಣಿಗೆ ಕಾಂಕ್ರೀಟು ಹಾಕುವ ದಿನ ನಾನು ಆ ದಾರಿಯಲ್ಲಿ ಹೋಗುತ್ತಿದ್ದೆ. ಮಿಕ್ಸರಿನಿಂದ ಚಾವಣಿಯವರೆಗೆ ಆಳುಗಳ ಸಾಲು, ಬಾಂಡಲಿ ಕೈಯಿಂದ ಕೈಗೆ ಏರುತ್ತಿತ್ತು. ಏಣಿಯ ಮಧ್ಯದ ಮೆಟ್ಟಿಲಲ್ಲಿ ಆ ಚಿತ್ತಾಳಿನ ಅಕ್ಕ ಇದ್ದಳು. ಕೂದಲು ಅರ್ಧ ಬೆಳ್ಳಗಾಗಿತ್ತು. ಕೆಳಗಿನವಳಿಂದ ಬಾಂಡಲಿ ತೆಗೆದುಕೊಳ್ಳುವುದು, ತಿರುಗುವುದು, ಮೇಲಿನವಳಿಗೆ ಕೊಡುವುದು. ಒಂದು ಸಲ ಕೆಳಗೆ ನೋಡಿದಾಗ ಅವಳಿಗೆ ನಾನು ಕಂಡೆ ಅನ್ನಿಸುತ್ತದೆ. ಅವಳ ಕೈ ನಿಲ್ಲಲಿಲ್ಲ. ಕಾಂಕ್ರೀಟು ಒಣಗುವುದರೊಳಗೆ ಮುಗಿಯಬೇಕಾದ ಕೆಲಸ ಅದು, ನಡುವೆ ನಿಲ್ಲಿಸುವಂತಿಲ್ಲ. ಸಾಲು ಮುಗಿಯುವವರೆಗೆ ರಸ್ತೆಯ ಈಚೆ ನಿಂತಿದ್ದು, ನಾನು ಬಸ್ ಸ್ಟಾಪಿನ ಕಡೆ ನಡೆದೆ.